ಹೋಟೆಲಿನ ವೆಜ್ ಫ್ರೈಡ್ ರೈಸ್: ತಾಟಿನಲ್ಲಿ ಏನು ಎಷ್ಟಿದೆ?

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಶನಿವಾರ ಸಂಜೆಯ ಅಡುಗೆಗೆ ನನ್ನನ್ನು ಈಗ ಯಾರೂ ಕೇಳುವುದಿಲ್ಲ. ಮೊಮ್ಮಗ ಕ್ಲಾಸು ಮುಗಿಸಿಕೊಂಡು ಬರುವಾಗ ಕೈಯಲ್ಲಿ ಫ್ರೈಡ್ ರೈಸ್ ಪಾರ್ಸಲ್ ಇದ್ದೇ ಇರುತ್ತದೆ. ಕಳೆದ ತಿಂಗಳು ಒಂದು ದಿನ ನಾನು ಗೊಣಗಿದಾಗ, "ಆಯಿ, ಇದರಾಗ ಮಾಂಸ ಇಲ್ಲ, ಮೈದಾ ಇಲ್ಲ, ಬರೇ ತರಕಾರಿ ಐತಿ" ಎಂದು ವಾದಿಸಿದ. ವಾದಕ್ಕೆ ಉತ್ತರ ಕೊಡುವ ಬದಲು ಹೂರಣದ ಬೇಳೆ ತೂಗುವ ಸಣ್ಣ ತಕ್ಕಡಿಯನ್ನು ತಂದು ಆ ಡಬ್ಬಿಯಲ್ಲಿದ್ದುದನ್ನು ತೂಗಿದೆ. 420 ಗ್ರಾಂ ಬಂದಿತು. ಆಮೇಲೆ ಚಮಚದ ತುದಿಯಿಂದ ಗಜ್ಜರಿ, ಬೀನ್ಸ್, ಎಲೆಕೋಸು, ಉಳ್ಳಾಗಡ್ಡಿ ತಪ್ಪಲವನ್ನೆಲ್ಲ ಆರಿಸಿ ಬೇರೆ ಬಟ್ಟಲಿಗೆ ಹಾಕಿ ತೂಗಿದರೆ 45 ಗ್ರಾಂ ಕೂಡ ತುಂಬಲಿಲ್ಲ. ಉಳಿದದ್ದೆಲ್ಲ ಅನ್ನ, ಮತ್ತು ಡಬ್ಬಿಯ ತಳದಲ್ಲಿ ಹಳದಿಯಾಗಿ ನಿಂತಿದ್ದ ಎಣ್ಣೆ.

ಮಾಂಸ ಹಾಕದ ಹೋಟೆಲ್ ಫ್ರೈಡ್ ರೈಸಿನ ಲೆಕ್ಕ ಸ್ಥೂಲವಾಗಿ ಹೀಗಿದೆ. 100 ಗ್ರಾಂನಲ್ಲಿ ಸುಮಾರು 175 ಕ್ಯಾಲೊರಿ, ಶರ್ಕರಪಿಷ್ಟ 33 ಗ್ರಾಂ, ಪ್ರೋಟೀನ್ 4 ಗ್ರಾಂ, ಕೊಬ್ಬು 3 ಗ್ರಾಂ ಇರುತ್ತವೆ. ನಾರಿನಂಶ 1 ಗ್ರಾಂ ಆಸುಪಾಸಿನದು. ಬರೀ ಬಿಳಿ ಅನ್ನದಲ್ಲಿ ಅಷ್ಟೇ ತೂಕಕ್ಕೆ 130 ಕ್ಯಾಲೊರಿ ಇರುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತೆಂದರೆ, ಜೋರು ಉರಿಯ ಮೇಲೆ ಅನ್ನವನ್ನು ಎಳೆದಾಡಿಸುವಾಗ ಅದರೊಳಗಿನ ನೀರು ಹಾರಿ ಅನ್ನ ಗಟ್ಟಿಯಾಗುತ್ತದೆ ಮತ್ತು ನೀರು ಹೋದ ಜಾಗಕ್ಕೆ ಎಣ್ಣೆ ಬಂದು ಕೂರುತ್ತದೆ. ಈ 3 ಗ್ರಾಂ ಕೊಬ್ಬು ಎನ್ನುವುದು ಕೈ ಹಿಡಿದು ಎಣ್ಣೆ ಹಾಕಿದವರ ಲೆಕ್ಕ. ನಮ್ಮ ಕಡೆಯ ಗಾಡಿಗಳಲ್ಲಿ ಸೌಟಿನಿಂದಲೇ ಎಣ್ಣೆ ಸುರಿಯುವುದನ್ನು ನಾನು ನಿಂತು ನೋಡಿದ್ದೇನೆ. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ ಎಂಬುದನ್ನು ನೆನಪಿಟ್ಟುಕೊಂಡರೆ ಮಿಕ್ಕ ಗುಣಾಕಾರವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಮೊಮ್ಮಗನ ಡಬ್ಬಿಗೆ ಈ ಲೆಕ್ಕವನ್ನು ಹಚ್ಚಿದಾಗ ಕಡಿಮೆಯೆಂದರೂ 730 ಕ್ಯಾಲೊರಿ ಆಯಿತು. ಪ್ರೋಟೀನ್ 17 ಗ್ರಾಂ ಎಂದು ಕೇಳಿ ಅವನು ಗೆದ್ದಂತೆ ನಕ್ಕ. ಆದರೆ ಆ 17 ಗ್ರಾಂಗಾಗಿ 138 ಗ್ರಾಂ ಶರ್ಕರಪಿಷ್ಟವನ್ನು ಹೊಟ್ಟೆಗೆ ಇಳಿಸಬೇಕಾಗುತ್ತದೆ. ನಮ್ಮ ಎರಡು ರೊಟ್ಟಿಗೆ ಹತ್ತಿರತ್ತಿರ ಬೇಕಾಗುವ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಪ್ರೋಟೀನು 10 ಗ್ರಾಂ, ನಾರು 10 ಗ್ರಾಂ ಇದ್ದು, ಕ್ಯಾಲೊರಿ 330ರಷ್ಟು ಮಾತ್ರ. ಅದರ ಜೊತೆಗೆ ಮಡಕಿ ಕಾಳಿನ ಪಲ್ಯವಿದ್ದರೆ ಲೆಕ್ಕ ಇನ್ನೂ ಮೇಲಕ್ಕೆ ಹೋಗುತ್ತದೆ, ಏಕೆಂದರೆ ಧಾನ್ಯದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಂಶವನ್ನು ಕಾಳು ತುಂಬಿಕೊಡುತ್ತದೆ. ಫ್ರೈಡ್ ರೈಸಿನಲ್ಲಿ ಹಾಗೆ ತುಂಬಿಕೊಡುವವರು ಯಾರೂ ಇಲ್ಲ. ನಾಲ್ಕು ಬಟಾಣಿ ಬಿದ್ದಿದ್ದರೆ ಅದೇ ಪುಣ್ಯ.

ತರಕಾರಿಯ ವಿಷಯದಲ್ಲಿ ಮಾತ್ರ ಹೋಟೆಲಿನವರ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಎರಡು ನಿಮಿಷದ ಜೋರು ಉರಿಯಲ್ಲಿ ದೊಣ್ಣ ಮೆಣಸಿನಕಾಯಿ, ಎಲೆಕೋಸುಗಳ ಸಿ ಜೀವಸತ್ವ ನಾವು ಕುದಿಸಿ ನೀರು ಚೆಲ್ಲುವಾಗ ಹೋಗುವಷ್ಟು ಹೋಗುವುದಿಲ್ಲ. ಗಜ್ಜರಿಯ ಕೆಂಪಿನಲ್ಲಿರುವ ಎ ಜೀವಸತ್ವದ ಮೂಲವಸ್ತುವಂತೂ ಎಣ್ಣೆಯ ಸಂಗವಿದ್ದರೇ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ದೋಷವಿರುವುದು ಪ್ರಮಾಣದಲ್ಲಿ. ಇನ್ನೊಂದು ಮಾತು: ಮಾಂಸವಿಲ್ಲ ಎಂದ ಮಾತ್ರಕ್ಕೆ ಮೊಟ್ಟೆ ಇಲ್ಲವೆಂದು ತಿಳಿಯಬಾರದು. ಒಂದೇ ಕಡಾಯಿಯಲ್ಲಿ ಎಗ್ ರೈಸೂ ವೆಜ್ ರೈಸೂ ಆಗುವ ಕಡೆಗಳಲ್ಲಿ, ಮೊಟ್ಟೆ ತಿನ್ನದ ಮನೆಯವರು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಗೋಧಿ ಒಗ್ಗದವರಿಗೂ ಇದೇ ಎಚ್ಚರಿಕೆ ಬೇಕು, ಏಕೆಂದರೆ ಸಾಮಾನ್ಯ ಸೋಯಾ ಸಾಸನ್ನು ಗೋಧಿ ಸೇರಿಸಿಯೇ ಹುದುಗಿಸಿರುತ್ತಾರೆ.

ನನಗೆ ಎಣ್ಣೆಗಿಂತ ಹೆಚ್ಚು ಚಿಂತೆ ಉಪ್ಪಿನದು. ನಮ್ಮ ಮನೆಯವರಿಗೆ ರಕ್ತದೊತ್ತಡ ಬಂದ ಮೇಲೆ ಈ ಲೆಕ್ಕ ನನಗೆ ಬಾಯಿಪಾಠವಾಗಿದೆ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿರುವ ಸೋಡಿಯಂ ಸುಮಾರು 2 ಗ್ರಾಂ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿಯೇ 900 ಮಿಲಿಗ್ರಾಂ ಆಸುಪಾಸು ಸೋಡಿಯಂ ಇರುತ್ತದೆ, ಅಂದರೆ ದಿನದ ಪಾಲಿನ ಅರ್ಧಕ್ಕೆ ಹತ್ತಿರ ಅಲ್ಲಿಗೇ ಮುಗಿಯಿತು. ಅದರ ಮೇಲೆ ಅನ್ನಕ್ಕೆ ಹಾಕಿದ ಉಪ್ಪು, ಚಿಲ್ಲಿ ಸಾಸು, ಅಜಿನಮೋಟೊ. ಅಜಿನಮೋಟೊ ಎಂದರೆ ಹೆದರುವವರು ಬಹಳ ಮಂದಿ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡ ಎಂಬ ರಸಾಯನಶಾಸ್ತ್ರಜ್ಞರು ಕಡಲಕಳೆಯ ಸಾರಿನ ರುಚಿಯ ಜಾಡು ಹಿಡಿದು ಕಂಡುಕೊಂಡ ಪುಡಿ ಅದು. ಅದರಲ್ಲಿ ಸೋಡಿಯಂ ಶೇ. 12ರಷ್ಟಿದ್ದರೆ ನಮ್ಮ ಅಡುಗೆ ಉಪ್ಪಿನಲ್ಲಿ ಶೇ. 39ರಷ್ಟಿದೆ. ಹೀಗಾಗಿ ಪುಡಿಯನ್ನು ಬೈದು ಸಾಸಿನ ಬಾಟಲಿಯನ್ನು ಸುಮ್ಮನೆ ಬಿಡುವುದು ಸರಿಯಲ್ಲ.

ಮನೆಯಲ್ಲಿಯೇ ಮಾಡುವುದಾದರೆ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ನಾಲ್ಕು ಜನರಿಗೆ ಮೂರು ಬಟ್ಟಲು ಅನ್ನಕ್ಕೆ ಮೂರು ಬಟ್ಟಲು ಹೆಚ್ಚಿದ ತರಕಾರಿ, ಒಂದು ಬಟ್ಟಲು ಮೊಳಕೆ ಬಂದ ಮಡಕಿ ಕಾಳು ಇಲ್ಲವೆ ನೆನೆಸಿ ಹಿಂಡಿದ ಸೋಯಾ ಚಂಕ್ಸ್, ಎರಡು ದೊಡ್ಡ ಚಮಚ ಎಣ್ಣೆ, ಒಂದೇ ಒಂದು ದೊಡ್ಡ ಚಮಚ ಸೋಯಾ ಸಾಸು. ಅನ್ನಕ್ಕೆ ಬೇರೆ ಉಪ್ಪು ಹಾಕುವುದಿಲ್ಲ. ಮೊಳಕೆಯನ್ನು ಮೊದಲೇ ಹಬೆಯಲ್ಲಿ ಬೇಯಿಸಿಕೊಂಡಿರಬೇಕು, ಕಡಾಯಿಯಲ್ಲಿ ಅದು ಬೇಯುವಷ್ಟು ಹೊತ್ತು ಬೆಂಕಿ ಸಿಗುವುದಿಲ್ಲ. ಉಪ್ಪು ಕಡಿಮೆಯಾಯಿತು ಎನ್ನುವವರಿಗೆ ಕೊನೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡಿದರೆ ದೂರು ನಿಲ್ಲುತ್ತದೆ. ಒಂದು ಹಿಡಿ ಹುರಿದ ಶೇಂಗಾ ಹಾಕುವುದು ಚೀನಿಯರ ಪದ್ಧತಿಯೋ ಅಲ್ಲವೋ, ನಮ್ಮ ಮನೆಯ ಪದ್ಧತಿಯಂತೂ ಹೌದು. ಕಡಾಯಿಗೆ ಒಮ್ಮೆಗೆ ಇಬ್ಬರಿಗಾಗುವಷ್ಟನ್ನೇ ಹಾಕಬೇಕು; ತುಂಬಿಸಿದರೆ ಉರಿ ಸಾಲದೆ ತರಕಾರಿ ನೀರು ಬಿಟ್ಟು ಅನ್ನ ಮುದ್ದೆಯಾಗುತ್ತದೆ, ಆಗ ಅದನ್ನು ಬಿಡಿಸಲು ಮತ್ತೆ ಎಣ್ಣೆಯ ಕಡೆಗೇ ಕೈ ಹೋಗುತ್ತದೆ.

ಶೆಜ್ವಾನ್ ಎಂದು ಕೆಂಪಗೆ ಮಾಡುವವರಿಗೆ ನಮ್ಮ ಜಿಲ್ಲೆಯ ಪಕ್ಕದಲ್ಲಿಯೇ ಬಣ್ಣವಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಖಾರ ಕಡಿಮೆ, ಕೆಂಪು ಗಾಢ. ಎಂಟು ಕಾಯಿಗಳ ಬೀಜ ತೆಗೆದು ಅರ್ಧ ತಾಸು ಬಿಸಿ ನೀರಿನಲ್ಲಿ ನೆನೆಸಿ, ಆರು ಎಸಳು ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ಅರೆದು ಒಂದು ಚಮಚ ಎಣ್ಣೆಯಲ್ಲಿ ಹಸಿವಾಸನೆ ಹೋಗುವ ತನಕ ಹುರಿದಿಟ್ಟರೆ ಬಾಟಲಿಯ ಸಾಸು ಬೇಕಾಗುವುದಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ ಮೇಲೆ ಗಾಡಿಯ ಗೋಬಿ ಕಂದು ಬಣ್ಣಕ್ಕೆ ತಿರುಗಿದ್ದನ್ನು ಮಕ್ಕಳೂ ಗಮನಿಸಿದ್ದಾರೆ. ಅನ್ನದ ಕೆಂಪನ್ನೂ ಅದೇ ಕಣ್ಣಿನಿಂದ ನೋಡುವುದು ಒಳಿತು.

ತಣ್ಣಗಾದ ಅನ್ನದಿಂದಲೇ ಫ್ರೈಡ್ ರೈಸ್ ಉದುರು ಉದುರಾಗಿ ಬರುವುದು ನಿಜ, ಆದರೆ ತಂಗಳನ್ನದ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಮಾರನೆಯ ದಿನಕ್ಕೆಂದು ರಾತ್ರಿಯ ಅನ್ನವನ್ನು ಬೇಸಿಗೆಯಲ್ಲಿ ಕಟ್ಟೆಯ ಮೇಲೆಯೇ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ವಾಸನೆ ನೋಡಿದೆ, ಕೆಟ್ಟಿರಲಿಲ್ಲ. ಚೆನ್ನಾಗಿ ಹುರಿದು ಬಡಿಸಿದೆ. ಮಧ್ಯಾಹ್ನದೊಳಗೆ ಮನೆಯಲ್ಲಿ ಮೂವರಿಗೆ ವಾಂತಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಅನ್ನ ಕುದಿಯುವಾಗಲೂ ಸಾಯುವುದಿಲ್ಲ, ಅನ್ನ ಬೆಚ್ಚಗೆ ಬಿದ್ದಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ ಎಂದು ಡಾಕ್ಟರು ತಿಳಿಸಿಕೊಟ್ಟರು. ಅಂದಿನಿಂದ ಅನ್ನವನ್ನು ಅಗಲವಾದ ಗಂಗಾಳದಲ್ಲಿ ಹರವಿ, ಆರಿದ ಕೂಡಲೇ, ಒಂದು ತಾಸಿನೊಳಗೆ, ಫ್ರಿಜ್ಜಿಗೆ ಇಡುತ್ತೇನೆ, ಮರುದಿನವೇ ಮುಗಿಸುತ್ತೇನೆ. ರಾತ್ರಿ ಉಳಿದ ಪಾರ್ಸಲಿಗೂ ಇದೇ ನಿಯಮ.

ಹೊರಗೆ ತಿನ್ನುವುದನ್ನು ಬಿಡಿಸಲು ನಾನು ಹೋಗಿಲ್ಲ. ಫ್ರೈಡ್ ರೈಸನ್ನು ಒಂದೊಂದೇ ಪ್ಲೇಟಾಗಿ ಮಾಡುವುದರಿಂದ, ಕಡಾಯಿ ಒಲೆಗೇರುವ ಮೊದಲು ಎಣ್ಣೆ ಕಡಿಮೆ, ಸಾಸು ಅರ್ಧ, ಎಲೆಕೋಸು ಇನ್ನೊಂದು ಹಿಡಿ ಎಂದು ಹೇಳಿದರೆ ಮಾಡಿಕೊಡುತ್ತಾರೆ. ಈಗ ಮೊಮ್ಮಗ ಶನಿವಾರ ತರುವ ಒಂದು ಡಬ್ಬಿ ನಮ್ಮಲ್ಲಿ ಮೂರು ತಾಟುಗಳಿಗೆ ಹಂಚಿಹೋಗುತ್ತದೆ. ಡಬ್ಬಿಯನ್ನು ಬೋರಲು ಹಾಕದೆ ಮೇಲಿನಿಂದ ಚಮಚದಲ್ಲಿ ತೆಗೆಯುವುದರಿಂದ ತಳದ ಎಣ್ಣೆ ತಳದಲ್ಲಿಯೇ ಉಳಿಯುತ್ತದೆ. ಪ್ರತಿ ತಾಟಿಗೂ ಬೇಯಿಸಿದ ಮಡಕಿ ಕಾಳು, ಸೌತೆಕಾಯಿ, ಹಸಿ ಉಳ್ಳಾಗಡ್ಡಿ ಸೇರುತ್ತವೆ, ಪಕ್ಕದಲ್ಲಿ ಉಪ್ಪು ಹಾಕದ ಮಜ್ಜಿಗೆ. ಹಸಿವು ಉಳಿದವರಿಗೆ ರೊಟ್ಟಿ ಬುಟ್ಟಿಯಲ್ಲಿರುತ್ತದೆ.