ಪ್ಲೇಟ್ ಹಿಂದೆ ನಿಲ್ಲುವವರ ಮಾಸ್ಕ್: ನಾನು ಆರಿಸಿಕೊಂಡ ಬಗೆ

ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲ್‌ನ ಪ್ಲೇಟ್ (ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಕೂರಿಸಿದ ಬಿಳಿ ಹಲಗೆ) ಅಂಪೈರ್ ನಿಲ್ಲುವ ಜಾಗ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಅಂಪೈರ್ ಬೌಲರ್ ತುದಿಯಲ್ಲಿ, ಸ್ಟಂಪಿನ ಹಿಂದೆ ನಿಂತಿರುತ್ತಾರೆ. ಇಲ್ಲಿ ಹಾಗಲ್ಲ. ಬ್ಯಾಟರ್ ಹಿಂದೆ ಕ್ಯಾಚರ್ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಅವನ ಬೆನ್ನಿಗೇ ನಿಂತು, ತಲೆಯ ಮೇಲಿಂದ ಇಣುಕಿ ನೋಡಬೇಕು ನಾವು. ಪಿಚರ್ ಎಸೆದ ಚೆಂಡು ನಮ್ಮ ಮುಖದ ಕಡೆಗೇ ಬರುತ್ತದೆ. ಹೆಚ್ಚಿನ ಸಲ ಕ್ಯಾಚರ್ ಹಿಡಿದುಬಿಡುತ್ತಾನೆ. ಬ್ಯಾಟಿಗೆ ಒಂಚೂರು ಸವರಿ ದಿಕ್ಕು ಬದಲಿಸಿದರೆ ಮಾತ್ರ ಅವನ ಕೈಗೂ ಸಿಗುವುದಿಲ್ಲ. ತಲೆ ತಗ್ಗಿಸೋಣ ಅಂದುಕೊಳ್ಳುವಷ್ಟರಲ್ಲಿ ಬಡಿದಾಗಿರುತ್ತದೆ. 2000ದ ಏಷ್ಯಾ ಕಪ್‌ನಲ್ಲಿ, ಢಾಕಾದಲ್ಲಿ, ನಮ್ಮ ಕುಂಬ್ಳೆ ಬೌಲಿಂಗ್‌ಗೆ ಕೀಪಿಂಗ್ ಮಾಡುತ್ತಿದ್ದ ಸಬಾ ಕರೀಂ ಕಣ್ಣಿಗೆ ಏಟು ಬಿದ್ದದ್ದು ಕೆಲವರಿಗಾದರೂ ನೆನಪಿರಬಹುದು. ಅದು ಸ್ಪಿನ್ನರ್ ಎಸೆತ. ಇಲ್ಲಿ ಹೈಸ್ಕೂಲ್ ಹುಡುಗರೇ ಗಂಟೆಗೆ 80 ಮೈಲಿ ಆಸುಪಾಸಿನಲ್ಲಿ ಎಸೆಯುತ್ತಾರೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಮಗ ಮಕ್ಕಳ ಬೇಸ್‌ಬಾಲ್ ಆದ ಲಿಟಲ್ ಲೀಗ್ ಸೇರಿದಾಗ, ಅಪ್ಪ ಅಮ್ಮಂದಿರಲ್ಲಿ ಯಾರಾದರೂ ಅಂಪೈರಿಂಗ್‌ಗೆ ಬನ್ನಿ ಅಂತ ಕೇಳಿದರು, ಹೋದೆ. ಈಗ ಅವನು ಆಟ ಬಿಟ್ಟಿದ್ದಾನೆ, ನಾನು ಬಿಟ್ಟಿಲ್ಲ. ಹೈಸ್ಕೂಲ್ ಪಂದ್ಯಗಳಿಗೂ ಹೋಗುತ್ತೇನೆ. ವಸಂತ ಬಂದರೆ ಸಾಕು, ಹೊಸದಾಗಿ ಅಂಪೈರಿಂಗ್‌ಗೆ ಇಳಿದ ನಮ್ಮ ಕಡೆಯ ಗೆಳೆಯರು ಫೋನ್ ಮಾಡಿ ಯಾವ ಮಾಸ್ಕ್ ತಗೊಳ್ಳಲಿ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ, ಕಂಬಿಯ ಮಾಸ್ಕಾ, ಐಸ್ ಹಾಕಿ ಆಟದ ಗೋಲ್‌ಕೀಪರ್ ಹಾಕುವ ಥರದ ಹೆಲ್ಮೆಟ್ಟಾ ಅನ್ನುವುದು. ಕಂಬಿ ಮಾಸ್ಕ್ ಹಳೆಯದು. 1870ರ ದಶಕದಲ್ಲಿ ಹಾರ್ವರ್ಡ್‌ನ ಫ್ರೆಡ್ ಥಾಯರ್ ಕತ್ತಿವರಸೆಯ ಮಾಸ್ಕನ್ನು ಬದಲಾಯಿಸಿ ಕ್ಯಾಚರ್‌ಗೆ ಮಾಡಿಸಿದ್ದರಿಂದ ಶುರುವಾಗಿದ್ದು ಅದು. ಹೆಲ್ಮೆಟ್ ಬಂದದ್ದು 1996ರಲ್ಲಿ. ಟೊರಾಂಟೊ ಬ್ಲೂ ಜೇಸ್ ತಂಡದ ಕ್ಯಾಚರ್ ಚಾರ್ಲಿ ಓಬ್ರಯನ್ ಐಸ್ ಹಾಕಿ ಗೋಲ್‌ಕೀಪರ್‌ಗಳನ್ನು ನೋಡಿ, ತನಗೂ ಅಂಥದ್ದೇ ಬೇಕೆಂದು ಮಾಡಿಸಿಕೊಂಡರು. ಅದು ಕಿವಿ, ನೆತ್ತಿ, ತಲೆಯ ಪಕ್ಕ ಎಲ್ಲವನ್ನೂ ಮುಚ್ಚುತ್ತದೆ. ಮುರಿದ ಬ್ಯಾಟ್ ಹಾರಿ ಬಂದರೆ ಅದರಷ್ಟು ಕಾಪು ಬೇರೆ ಇಲ್ಲ. ಹಿಂದೆ ತಲೆಗೆ ಏಟು ಬಿದ್ದು ಕನ್ಕಶನ್ (ಮಿದುಳಿಗೆ ಒಳಪೆಟ್ಟು) ಆಗಿದ್ದವರಿಗೆ ನಾನು ಕಣ್ಣುಮುಚ್ಚಿ ಅದನ್ನೇ ಹೇಳುತ್ತೇನೆ.

ಆದರೂ ನಾನು ಹಾಕುವುದು ಕಂಬಿ ಮಾಸ್ಕ್. ಕಾರಣ ನಮ್ಮ ಕೆಲಸದಲ್ಲೇ ಇದೆ. ಚೆಂಡು ಬ್ಯಾಟಿಗೆ ಸಿಕ್ಕಿ ಮೈದಾನಕ್ಕೆ ಹೋದ ಕೂಡಲೇ ಮಾಸ್ಕ್ ಮುಖದಿಂದ ಬರಬೇಕು. ಬಾಲ್, ಸ್ಟ್ರೈಕ್ ಅಂತ ಎಸೆತಗಳ ಲೆಕ್ಕ ಇಡುವ ಕ್ಲಿಕ್ಕರ್ ಎಡಗೈಯಲ್ಲಿರುತ್ತದೆ, ಮಾಸ್ಕ್ ತೆಗೆಯುವುದೂ ಅದೇ ಕೈಯಲ್ಲಿ. ಬಲಗೈ ಔಟ್ ಕೊಡುವುದಕ್ಕೆ ಖಾಲಿ ಇರಬೇಕು. ಗಲ್ಲದ ಹತ್ತಿರದ ಕಂಬಿ ಹಿಡಿದು, ಮೊದಲು ಮುಂದಕ್ಕೆ ಎಳೆದು ಆಮೇಲೆ ಮೇಲಕ್ಕೆ ಎತ್ತಬೇಕು. ಸೀದಾ ಮೇಲಕ್ಕೆ ಎತ್ತಿದರೆ ಟೋಪಿಯೂ ಜೊತೆಗೆ ಬಂದು ಬಿದ್ದುಹೋಗುತ್ತದೆ. ಅದಕ್ಕೇ ಪ್ಲೇಟ್ ಅಂಪೈರ್ ಟೋಪಿಯ ಅಂಚು ಅಷ್ಟು ಗಿಡ್ಡ. ಹೆಲ್ಮೆಟ್ಟನ್ನು ಇಷ್ಟು ಬೇಗ ತೆಗೆಯುವುದು ನನ್ನಿಂದ ಆಗಲಿಲ್ಲ. ಜುಲೈ ಬಿಸಿಲಿನಲ್ಲಿ ಒಳಗೆ ಬೇಯುತ್ತದೆ ಕೂಡ. ನಿಮ್ಮ ಕೈಗೆ ಪಳಗಿದರೆ ಖಂಡಿತ ಹಾಕಿ.

ಇನ್ನು ಲೋಹ. ಸ್ಟೀಲ್, ಟೊಳ್ಳು ಸ್ಟೀಲ್, ಅಲ್ಯೂಮಿನಿಯಂ, ಮೆಗ್ನೀಷಿಯಂ, ಟೈಟಾನಿಯಂ, ಎಲ್ಲದರಲ್ಲೂ ಸಿಗುತ್ತವೆ. ಟೈಟಾನಿಯಂ ಮಾಸ್ಕ್ ಅರ್ಧ ಕೆಜಿ ಆಸುಪಾಸು ತೂಗುತ್ತದೆ, ಸ್ಟೀಲಿನದು ಮುಕ್ಕಾಲು ಕೆಜಿ ಹತ್ತಿರ. ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಯಾರಿಗಾದರೂ ಹಗುರದ್ದೇ ಇಷ್ಟವಾಗುತ್ತದೆ, ಒಂದೇ ದಿನ ಎರಡು ಪಂದ್ಯ ಮಾಡುವವರ ಕುತ್ತಿಗೆಗೂ ಅದು ಹಿತ. ಆದರೆ ಏಟಿನ ಲೆಕ್ಕ ಬೇರೆ. ಸುಮಾರು 145 ಗ್ರಾಂ ಚೆಂಡು ವೇಗವಾಗಿ ಬಂದು ಬಡಿದಾಗ ಭಾರದ ಮಾಸ್ಕ್ ಅಷ್ಟು ಬೇಗ ಅಲುಗುವುದಿಲ್ಲ. ಹಗುರದ್ದು ಏಟನ್ನು ಹೆಚ್ಚು ರಭಸದಲ್ಲಿ ತಲೆಗೆ ದಾಟಿಸುತ್ತದೆ. ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಕಾಪು ಅಂತ ತಿಳಿಯಬೇಡಿ, ಆ ದುಡ್ಡು ಹೋಗುವುದು ತೂಕ ಇಳಿಸುವುದಕ್ಕೆ. ನಾನು ಟೊಳ್ಳು ಸ್ಟೀಲಿನಲ್ಲಿ ನಿಂತೆ. ಕುತ್ತಿಗೆಗೂ ಆಗುತ್ತದೆ, ಏಟಿಗೂ ಆಗುತ್ತದೆ. ಎರಡು ಚೌಕಟ್ಟಿನ ನಡುವೆ ಸ್ಪ್ರಿಂಗ್ ಇಟ್ಟ ಮಾಸ್ಕ್‌ಗಳೂ ಬಂದಿವೆ, ಫೋರ್ಸ್‌3 ಡಿಫೆಂಡರ್ ಅಂಥದ್ದು. ಏಟು ತಲೆಗೆ ತಲುಪುವ ಮೊದಲು ಸ್ವಲ್ಪ ತಗ್ಗಲಿ ಅನ್ನುವುದು ಅದರ ಲೆಕ್ಕಾಚಾರ. ನನಗೆ ಆ ಯೋಚನೆ ತುಂಬಾ ಹಿಡಿಸುತ್ತದೆ.

ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದ್ದು ಪ್ಯಾಡ್‌ಗೆ. ಹಣೆಗೊಂದು, ಗಲ್ಲಕ್ಕೊಂದು, ಈ ಎರಡರ ಮೇಲೆಯೇ ಇಡೀ ಮಾಸ್ಕ್ ಕೂರುವುದು. ಹೆಬ್ಬೆರಳಿನಿಂದ ಒತ್ತಿ ನೋಡಿ. ತಳ ಸಿಗುವಷ್ಟು ಸುಲಭವಾಗಿ ಒಳಗೆ ಹೋದರೆ ಬೇಡ. ಕಲ್ಲಿನಂತೆ ಗಟ್ಟಿ ಇದ್ದರೂ ಬೇಡ. ನಿಧಾನಕ್ಕೆ ಇಳಿದು, ಕೈ ತೆಗೆದ ಮೇಲೆ ನಿಧಾನಕ್ಕೆ ಮೇಲೇಳುವ ಫೋಮ್ ಒಳ್ಳೆಯದು. ಸೈನಿಕರ ಹೆಲ್ಮೆಟ್‌ಗೆ ಪ್ಯಾಡ್ ಮಾಡುವ ಟೀಮ್ ವೆಂಡಿಯವರ ಫೋಮನ್ನು ಅನೇಕ ಅಂಪೈರ್‌ಗಳು ಹುಡುಕಿ ಹಾಕಿಸಿಕೊಳ್ಳುವುದು ಈ ಗುಣಕ್ಕೇ. ಹೊದಿಕೆ ರೆಕ್ಸಿನ್ ಥರದ್ದಾದರೆ ಒರೆಸುವುದು ಸುಲಭ, ಆದರೆ ಬೆವರಿಗೆ ಜಾರುತ್ತದೆ. ಮೆತ್ತನೆ ಚರ್ಮದ್ದು ಬೆವರು ಹೀರಿ ಕೂತಲ್ಲೇ ಕೂರುತ್ತದೆ, ಪಂದ್ಯ ಮುಗಿದ ಮೇಲೆ ನೆರಳಲ್ಲಿ ಒಣಗಿಸಬೇಕು ಅಷ್ಟೇ. ನಾನು ಕನ್ನಡಕ ಹಾಕುವವನು. ಪ್ಯಾಡ್ ತೆಳುವಾಗಿದ್ದರೆ ಕಂಬಿ ಕನ್ನಡಕಕ್ಕೆ ತಾಗುತ್ತದೆ. ಅಂಗಡಿಗೆ ಹೋಗುವಾಗ ಮೈದಾನಕ್ಕೆ ಹಾಕುವ ಕನ್ನಡಕ, ಟೋಪಿ ಎರಡನ್ನೂ ತೆಗೆದುಕೊಂಡೇ ಹೋಗಿ.

ಅಮೆರಿಕದ ವೃತ್ತಿಪರ ಮೇಜರ್ ಲೀಗ್‌ನ ಕ್ಯಾಚರ್ ಮೈಕ್ ಮೆಥೆನಿ ಮಾಸ್ಕಿಗೆ ಮತ್ತೆ ಮತ್ತೆ ಬ್ಯಾಟಿಗೆ ಸವರಿ ಬಂದ ಫೌಲ್ ಚೆಂಡು ಬಡಿದೇ ಕನ್ಕಶನ್ ಆಗಿ, 2006ರ ಸೀಸನ್ ಮಧ್ಯದಲ್ಲೇ ಹೊರಗುಳಿದು ಕೊನೆಗೆ ಆಟವನ್ನೇ ಬಿಟ್ಟರು. ಮೂಗು ಮುರಿದಿಲ್ಲ, ರಕ್ತ ಬಂದಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ. ಏಟಿನ ನಂತರ ತಲೆ ಭಾರ ಅನ್ನಿಸಿದರೆ ಪಂದ್ಯ ಯಾವುದೇ ಇರಲಿ, ನಾನು ಹೊರಗೆ ಬರುತ್ತೇನೆ.

ಮಾಸ್ಕನ್ನು ತಲೆಗೆ ಕಟ್ಟುವ ಪಟ್ಟಿಯ ವಿಷಯದಲ್ಲಿ ಹೊಸಬರು ಹೆಚ್ಚಾಗಿ ಭಯಕ್ಕೆ ಬಿಗಿ ಮಾಡುತ್ತಾರೆ. ಬಿಗಿದಷ್ಟೂ ಏಟು ಪೂರ್ತಿ ತಲೆಗೇ ಹೋಗುತ್ತದೆ. ಚೆಂಡು ಓರೆಯಾಗಿ ಬಡಿದಾಗ ಮಾಸ್ಕ್ ಸ್ವಲ್ಪ ತಿರುಗಬೇಕು, ಅದೇ ಏಟನ್ನು ಪಕ್ಕಕ್ಕೆ ಜಾರಿಸುವುದು. ತಲೆ ಅಲ್ಲಾಡಿಸಿದರೆ ಜಾರಬಾರದು, ಅಂಗೈಯಿಂದ ಪಕ್ಕಕ್ಕೆ ತಳ್ಳಿದರೆ ತಿರುಗಬೇಕು. ಇಷ್ಟು ನೋಡಿಕೊಂಡೇ ನಾನು ಪ್ಲೇಟ್ ಹತ್ತಿರ ಹೋಗುವುದು.

ಗಂಟಲು ಮರೆಯಬೇಡಿ. 1976ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಬ್ಯಾಟಿಂಗ್‌ಗೆ ಕಾಯುತ್ತಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಕ್ಯಾಚರ್ ಸ್ಟೀವ್ ಯೇಗರ್ ಕುತ್ತಿಗೆಗೆ, ಮುರಿದ ಬ್ಯಾಟಿನ ಚೂರು ಚುಚ್ಚಿಕೊಂಡಿತು. ಆಮೇಲೆ ತಂಡದ ಟ್ರೇನರ್ ಬಿಲ್ ಬ್ಯೂಲರ್ ಮಾಸ್ಕ್ ಕೆಳಗೆ ನೇತಾಡುವ ಒಂದು ತುಂಡು ಕಟ್ಟಿಕೊಟ್ಟರು. ಇವತ್ತು ಲಿಟಲ್ ಲೀಗ್ ಕ್ಯಾಚರ್‌ಗೆ ಅದು ಕಡ್ಡಾಯ. ಕೆಲವು ಮಾಸ್ಕ್‌ಗಳಲ್ಲಿ ಕಂಬಿಯೇ ಕೆಳಗೆ ಉದ್ದಕ್ಕೆ ಬಂದಿರುತ್ತದೆ. ನನ್ನದೂ ಹಾಗೇ ಇದೆ. ಆದರೂ ಮಂಡಿ ಬಗ್ಗಿಸಿ ನಿಂತು ಕತ್ತೆತ್ತಿದಾಗ ಕಂಬಿಗೂ ಎದೆಗಾಪಿಗೂ ನಡುವೆ ಜಾಗ ಬಿಡುತ್ತದೆ, ಅದಕ್ಕೆ ನೇತಾಡುವ ತುಂಡನ್ನೂ ಕಟ್ಟಿದ್ದೇನೆ. ಅಂಗಡಿಯಲ್ಲಿ ನೆಟ್ಟಗೆ ನಿಂತು ನೋಡಿದರೆ ಇದು ಕಾಣುವುದಿಲ್ಲ, ಪ್ಲೇಟ್ ಹಿಂದೆ ನಿಲ್ಲುವ ಹಾಗೆ ಬಗ್ಗಿ ನಿಂತು ಕನ್ನಡಿ ನೋಡಿ.

ಹಳೇ ಮಾಸ್ಕ್ ಕಡಿಮೆಗೆ ಸಿಕ್ಕರೆ ತಗೊಳ್ಳಬಹುದು. ಕಂಬಿ ಕಂಬಿ ಸೇರುವ ಬೆಸುಗೆಯ ಮೇಲೆಲ್ಲಾ ಉಗುರು ಆಡಿಸಿ. ಬಣ್ಣ ಚಕ್ಕೆ ಎದ್ದಿದ್ದರೆ ಪರವಾಗಿಲ್ಲ. ಕೂದಲೆಳೆಯಷ್ಟು ಬಿರುಕು ಸಿಕ್ಕರೂ, ಚೌಕಟ್ಟು ಒಳಕ್ಕೆ ಬಗ್ಗಿದ್ದರೂ ವಾಪಸ್ ಕೊಟ್ಟುಬಿಡಿ. ಚೌಕಟ್ಟು ಗಟ್ಟಿ ಇದ್ದರೆ ಹಳೇ ಪ್ಯಾಡ್, ಹಳೇ ಪಟ್ಟಿ ಎರಡನ್ನೂ ಎಸೆದು ಹೊಸದು ಹಾಕಿಸಿ, ಆಮೇಲೆ ಮೈದಾನಕ್ಕೆ ಇಳಿಯಿರಿ.