ಹಾಸಿಗೆ ಪಕ್ಕದ ರೇಡಿಯೊ: ಅಂಗಡಿಯಲ್ಲೇ ಕಣ್ಣು ಮುಚ್ಚಿ ಪರೀಕ್ಷಿಸಿ

ಮಲ್ಲೇಶ್ವರದ ನಮ್ಮ ದೊಡ್ಡಮ್ಮನಿಗೆ ಅಮೆರಿಕದಲ್ಲಿರುವ ಮಗ ಗಡಿಯಾರವಿರುವ ರೇಡಿಯೊ ತಂದುಕೊಟ್ಟಿದ್ದ. ಮೇಲಿನ ಮುಚ್ಚಳ ಎತ್ತಿದರೆ ಸಿ.ಡಿ. ಹಾಕಬಹುದು, ಮುಂದೆ ಕೆಂಪು ಅಂಕಿಗಳು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರನ್ನೂ ಜೊತೆಗೇ ತಂದಿದ್ದರಿಂದ ಸೆಟ್ಟು ಸುಟ್ಟುಹೋಗಲಿಲ್ಲ. ಆದರೆ ರಾತ್ರಿ ಹತ್ತಕ್ಕೆ ಗಂಟೆ ಸರಿಮಾಡಿ ಮಲಗಿದರೆ ಬೆಳಿಗ್ಗೆ ಆರಕ್ಕೆ ಅದು 4.40 ತೋರಿಸುತ್ತಿತ್ತು. ದಿನಾ ಇದೇ ಪಾಡು. ಕೊನೆಗೆ ಎಸ್.ಪಿ. ರಸ್ತೆಯ ರಿಪೇರಿಯವರೊಬ್ಬರ ಹತ್ತಿರ ಒಯ್ದೆವು. ಅವರು ಸೆಟ್ಟು ಬಿಚ್ಚಲೇ ಇಲ್ಲ. ಬೋರಲು ಹಾಕಿ, ತಳದ ಚೀಟಿ ಓದಿ, "ಅಮ್ಮಾ, ಇದು ಕೆಟ್ಟಿಲ್ಲ. ಅಲ್ಲಿನ ಕರೆಂಟಿನ ಲೆಕ್ಕದಲ್ಲಿ ಗಂಟೆ ಎಣಿಸ್ತಾ ಇದೆ" ಅಂದರು.

ಇಂಥ ಎಷ್ಟೋ ಗಡಿಯಾರಗಳು ಕರೆಂಟಿನ ಮಿಡಿತವನ್ನೇ ಎಣಿಸಿ ಹೊತ್ತು ಲೆಕ್ಕ ಹಾಕುತ್ತವೆ. ಅಮೆರಿಕದಲ್ಲಿ ಸೆಕೆಂಡಿಗೆ 60 ಮಿಡಿತ, ನಮ್ಮಲ್ಲಿ 50. ಹಾಗಾಗಿ ನಮ್ಮ ಒಂದು ಗಂಟೆ ಅದಕ್ಕೆ 50 ನಿಮಿಷ. ಎಂಟು ಗಂಟೆಗೆ 80 ನಿಮಿಷ ಹಿಂದೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಮಿಡಿತ ಬದಲಿಸುವುದಿಲ್ಲ. ದೊಡ್ಡಮ್ಮನ ಪುಣ್ಯ, ಬ್ಯಾಟರಿ ಗೂಡಿನ ಒಳಗೆ 50/60 ಎಂದು ಬರೆದ ಪುಟ್ಟ ಸ್ವಿಚ್ ಇತ್ತು. ಪಿನ್ನಿನ ತುದಿಯಿಂದ ಅದನ್ನು 50ರ ಕಡೆಗೆ ಸರಿಸಿದ್ದಷ್ಟೇ ರಿಪೇರಿ.

ಆಮೇಲೆ ಇಂಥ ಸೆಟ್ಟು ಇಟ್ಟುಕೊಂಡಿರುವ ನೆಂಟರನ್ನು, ಅಕ್ಕಪಕ್ಕದವರನ್ನು ವಿಚಾರಿಸುತ್ತ ಬಂದಿದ್ದೇನೆ. ದೂರುಗಳೆಲ್ಲ ರಾತ್ರಿಯವು. ಬೆಳಕು ಕಣ್ಣಿಗೆ ಚುಚ್ಚುತ್ತದೆ, ಕತ್ತಲಲ್ಲಿ ಗುಂಡಿ ಸಿಗುವುದಿಲ್ಲ, ಕರೆಂಟು ಹೋಗಿ ಬಂದರೆ ಅಲಾರಂ ಹೊಡೆಯುವುದಿಲ್ಲ. ನಾವು ಕೊಳ್ಳುವುದು ಮಾತ್ರ ಹಗಲಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ನಿಂತುಕೊಂಡು. ಹೊಸದಾಗಲಿ ಹಳೆಯದಾಗಲಿ, ಅದನ್ನು ರಾತ್ರಿಯ ಕಣ್ಣಿಂದ ಪರೀಕ್ಷಿಸುವುದು ಹೇಗೆ ಎನ್ನುವುದೇ ಈ ಲೇಖನ.

ಮೊದಲು ತಳದ ಚೀಟಿ ಓದಿ

230 ವೋಲ್ಟ್, 50 ಹರ್ಟ್ಸ್ (ಸೆಕೆಂಡಿಗೆ 50 ಮಿಡಿತ) ಎಂದು ಇರಬೇಕು. ಬರೀ 120 ವೋಲ್ಟ್ ಎಂದಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಲೇಬೇಡಿ.

ವಿದೇಶದ ಸೆಟ್ಟಾದರೆ ರೇಡಿಯೊ ಪಟ್ಟಿಯನ್ನೂ (ಬ್ಯಾಂಡ್) ನೋಡಿ. ಆಕಾಶವಾಣಿ ಬೆಂಗಳೂರು ಮೀಡಿಯಂ ವೇವ್‌ನಲ್ಲಿ 612 ಕಿಲೊಹರ್ಟ್ಸ್. ನಮ್ಮಲ್ಲಿ ಈ ಪಟ್ಟಿಯ ಮೆಟ್ಟಿಲು 9 ಕಿಲೊಹರ್ಟ್ಸ್ ಅಂತರದಲ್ಲಿದ್ದರೆ ಅಮೆರಿಕದಲ್ಲಿ 10. ಅಂಕಿ ಒತ್ತಿ ಟ್ಯೂನ್ ಮಾಡುವ ಅಲ್ಲಿನ ಸೆಟ್ಟು 610ಕ್ಕೆ ನಿಲ್ಲುತ್ತದೆ, ಮುಂದೆ 620ಕ್ಕೆ ಜಿಗಿಯುತ್ತದೆ. ವಾರ್ತೆ ಓದುವವರ ದನಿ ಮೂಗಿನಿಂದ ಬಂದಂತೆ ಕೇಳುತ್ತದೆ. ತಿರುಪು ತಿರುಗಿಸಿ ಮುಳ್ಳು ಓಡಿಸುವ ಹಳೆಯ ಸೆಟ್ಟಿಗೆ ಈ ತಾಪತ್ರಯವೇ ಇಲ್ಲ. ಜಪಾನಿನವರು ತಮ್ಮ ದೇಶಕ್ಕೆಂದೇ ಮಾಡಿದ ಹಳೆಯ ಸೆಟ್ಟುಗಳಲ್ಲಿ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾದದ್ದು, ಈಗ 91.1ರಲ್ಲಿದೆ, ಆ ಪಟ್ಟಿಗೆ ಅದೂ ಸಿಗುವುದಿಲ್ಲ, 101.3ರ ಕಾಮನಬಿಲ್ಲು, 102.9ರ ವಿವಿಧ ಭಾರತಿ ಅಂತೂ ದೂರದ ಮಾತು. ಎಷ್ಟೇ ಚೆಂದ ಕಂಡರೂ ಅಂಥದ್ದನ್ನು ಬಿಟ್ಟುಬಿಡಿ.

ಕಣ್ಣು ಮುಚ್ಚಿ ಒತ್ತಿ

ಅಂಗಡಿಯವರು ನೋಡಿದರೆ ನೋಡಲಿ, ಸಂಕೋಚ ಬೇಡ. ಸೆಟ್ಟನ್ನು ಮೇಜಿನ ಮೇಲೆ ಇಟ್ಟು, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಕೈ ಚಾಚಿ. ಅಲಾರಂ ತಾತ್ಕಾಲಿಕವಾಗಿ ನಿಲ್ಲಿಸುವ ಸ್ನೂಜ್ ಗುಂಡಿ ಬೆರಳಿಗೆ ತಾನಾಗಿ ಸಿಗಬೇಕು. ಅದು ಉದ್ದಕ್ಕೆ, ಸ್ವಲ್ಪ ಉಬ್ಬಿಕೊಂಡು, ಉಳಿದವುಗಳಿಂದ ದೂರ ಇದ್ದರೆ ಒಳ್ಳೆಯ ಸೆಟ್ಟು. ಎಲ್ಲ ಗುಂಡಿಗಳೂ ಒಂದೇ ಅಳತೆಯಲ್ಲಿ ಸಾಲಾಗಿ ಇದ್ದರೆ ನಿದ್ದೆಗಣ್ಣಿನಲ್ಲಿ ಸ್ನೂಜ್ ಬದಲು ಅಲಾರಂ ಆಫ್ ಒತ್ತಿ ಮತ್ತೆ ಹೊದ್ದು ಮಲಗುತ್ತೀರಿ. ನಮ್ಮ ಭಾವ ಹೀಗೆ ಮೈಸೂರಿನ ರೈಲು ತಪ್ಪಿಸಿಕೊಂಡರು.

ಇನ್ನು ಬೆಳಕು. ಅಂಕಿಗಳ ಮೇಲೆ ಎರಡೂ ಅಂಗೈ ಬೋಗುಣಿ ಮಾಡಿ ಮುಚ್ಚಿ, ಸಂದಿನಿಂದ ಒಳಗೆ ಇಣುಕಿ ನೋಡಿ. ಅಂಗಡಿಯಲ್ಲಿ ಮಂದವಾಗಿ ಕಂಡ ನೀಲಿ ಅಂಕಿ ಅಲ್ಲಿ ಟಾರ್ಚಿನ ಹಾಗೆ ಉರಿಯುತ್ತಿರುತ್ತದೆ. ಮಲಗುವ ಕೋಣೆಗೆ ಕೆಂಪು ಅಂಕಿಯೇ ವಾಸಿ ಎಂಬುದು ನನ್ನ ಅನುಭವ. ಯಾವ ಬಣ್ಣವಾದರೂ ಬೆಳಕು ತಗ್ಗಿಸುವ ಡಿಮ್ಮರ್ ಇರಲೇಬೇಕು.

ಪ್ಲಗ್ ಕಿತ್ತು ನೋಡಿ

ಕೊಳ್ಳುವವರು ಬಹುಪಾಲು ಮರೆಯುವುದು ಇದನ್ನೇ. ತಳದ ಗೂಡಿಗೆ ಹೊಸ 9 ವೋಲ್ಟ್ ಬ್ಯಾಟರಿ ಹಾಕಿಸಿ. ಕೆಲವು ಸೆಟ್ಟುಗಳಿಗೆ ಬಿಲ್ಲೆಯಂಥ ಸೆಲ್ ಬೇಕು. ಗಂಟೆ ಹೊಂದಿಸಿ, ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಅಂಕಿಗಳು ಆರಿಹೋಗುವುದು ಸಹಜ. ಆದರೆ ಮತ್ತೆ ಹಾಕಿದಾಗ 12.00 ಎಂದು ಮಿಣುಕಿದರೆ ಬ್ಯಾಟರಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಬ್ಯಾಟರಿ ಗಂಟೆಯನ್ನು ಕಾಯುತ್ತದೆಯೇ ಹೊರತು, ಕರೆಂಟಿಲ್ಲದ ಹೊತ್ತಿನಲ್ಲಿ ಎಷ್ಟೋ ಸೆಟ್ಟುಗಳು ಅಲಾರಂ ಹೊಡೆಯುವುದಿಲ್ಲ. ನಿಮ್ಮದು ಹೊಡೆಯುತ್ತದೋ ಇಲ್ಲವೋ ಅದನ್ನೂ ಅಲ್ಲೇ ನೋಡಿಕೊಳ್ಳಿ. ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಳೆಯದು ಕಣ್ಣಿಗೆ ಬಿದ್ದು, ಪ್ಲಗ್ ಹಾಕಿ ತೋರಿಸಲು ಆಗದಿದ್ದರೆ ಚೌಕಾಸಿಗೇ ಇಳಿಯಬೇಡಿ.

ಸಿ.ಡಿ.ಗೆ ನಿಮ್ಮದೇ ಮೂರು ಡಿಸ್ಕ್ ಒಯ್ಯಿರಿ

ಅಂಗಡಿಯವರ ಹೊಸ ಡಿಸ್ಕ್ ಎಲ್ಲ ಸೆಟ್ಟಿನಲ್ಲೂ ಹಾಡುತ್ತದೆ. ಮನೆಯಿಂದ ಮೂರನ್ನು ಒಯ್ಯಿರಿ: ಅಂಗಡಿಯಲ್ಲಿ ಕೊಂಡ ಮಾಮೂಲಿ ಹಾಡಿನ ಸಿ.ಡಿ., ಮನೆಯ ಕಂಪ್ಯೂಟರಿನಲ್ಲಿ ಬರೆದದ್ದು ಒಂದು, ಎಂಪಿ3 ತುಂಬಿದ್ದು ಒಂದು. ಮಾಮೂಲಿ ಸಿ.ಡಿ.ಯಲ್ಲಿ ಹಿಡಿಸುವುದು 74ರಿಂದ 80 ನಿಮಿಷದ ಹಾಡು. 'ಒಂದೇ ಡಿಸ್ಕಿನಲ್ಲಿ ನೂರು ದೇವರನಾಮ' ಎಂದು ಕೊಂಡದ್ದು ಎಂಪಿ3 ಆಗಿರುತ್ತದೆ, ಹಳೆಯ ಸೆಟ್ಟು ಅದನ್ನು ಓದುವುದೇ ಇಲ್ಲ.

ಡಿಸ್ಕಿನ ಓದು ಒಳಗಿನಿಂದ ಹೊರಗೆ ಸಾಗುತ್ತದೆ. ಆದ್ದರಿಂದ ಮೊದಲ ಹಾಡಿನ ಜೊತೆಗೆ ಕೊನೆಯದನ್ನೂ ಹಾಕಿ ಕೇಳಿ. ಒಂದೇ ಡಿಸ್ಕ್ ಒಂದೇ ಜಾಗದಲ್ಲಿ ಎಗರಿದರೆ ದೋಷ ಡಿಸ್ಕಿನದು. ಎಲ್ಲ ಡಿಸ್ಕೂ ತಡವರಿಸಿದರೆ ಮುಚ್ಚಳ ಎತ್ತಿ, ತೊಗರಿ ಕಾಳಿನಷ್ಟಿರುವ ಗಾಜಿನಂಥ ಲೆನ್ಸಿನ ಕಣ್ಣನ್ನು ನೋಡಿ. ಸೊಳ್ಳೆಬತ್ತಿ ಹಚ್ಚುವ ಕೋಣೆಯಲ್ಲಿ ಅದರ ಮೇಲೆ ಮಂಜಿನಂಥ ಪೊರೆ ಕೂತಿರುತ್ತದೆ. ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಮೆಲ್ಲಗೆ, ಒತ್ತದೆ ಸವರಿ. ಆ ಕಣ್ಣು ಸಣ್ಣ ಸ್ಪ್ರಿಂಗಿನಂಥ ಆಸರೆಯ ಮೇಲೆ ತೇಲುತ್ತಿರುತ್ತದೆ, ಒತ್ತಿದರೆ ಕೆಡುತ್ತದೆ. ಮುಚ್ಚಳದ ಸ್ವಿಚ್ಚನ್ನು ಕಡ್ಡಿಯಿಂದ ಒತ್ತಿಟ್ಟು ಡಿಸ್ಕ್ ಓಡಿಸುವ ಸಾಹಸ ಬೇಡವೇ ಬೇಡ. ಡಿಸ್ಕ್ ಓದುವ ಲೇಸರಿನ ಬೆಳಕು ನಮ್ಮ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

ಡಿಸ್ಕ್ ಒರೆಸುವಾಗ ಹಳೆಯ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ, ಸುತ್ತಲೂ ಅಲ್ಲ. ಹೊಳೆಯುವ ಬದಿಯನ್ನಷ್ಟೇ ಜೋಪಾನ ಮಾಡುತ್ತೇವೆ. ಹಾಡನ್ನು ಹಿಡಿದಿಟ್ಟ ಲೋಹದ ಪದರ ಇರುವುದು ಹೆಸರು ಅಚ್ಚಾದ ಬದಿಯ ತೆಳು ಲೇಪದ ಕೆಳಗೇ. ಅಲ್ಲಿ ಗೀರು ಬಿದ್ದರೆ ಮತ್ತೆ ಸರಿಯಾಗದು.

ಮನೆಗೆ ತಂದ ಮೇಲೆ

ಹಿಂದೆ ಜೋತು ಬಿದ್ದಿರುವ ತಂತಿಯೇ ಎಫ್‌ಎಂ ಏರಿಯಲ್. ಅದನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಡಿ. ಪೂರ್ತಿ ಬಿಚ್ಚಿ ಕಿಟಕಿಯ ಚೌಕಟ್ಟಿಗೆ ಅಂಟಿಸಿ. ಮೀಡಿಯಂ ವೇವ್‌ನಲ್ಲಿ ಗುಂಯ್ ಎಂದರೆ ಸೆಟ್ಟನ್ನು ಬೈಯುವ ಮೊದಲು ಪಕ್ಕದ ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್ ಆರಿಸಿ ನೋಡಿ. ಆಮೇಲೂ ಸದ್ದಿದ್ದರೆ ಸೆಟ್ಟನ್ನು ಇದ್ದಲ್ಲೇ ಸ್ವಲ್ಪ ತಿರುಗಿಸಿ. ಮೀಡಿಯಂ ವೇವ್‌ನ ಏರಿಯಲ್ ಪೆಟ್ಟಿಗೆಯ ಒಳಗೇ ಇದ್ದು, ದಿಕ್ಕು ಬದಲಾದರೆ ದನಿಯೂ ಬದಲಾಗುತ್ತದೆ.

ಅಲಾರಮ್ಮಿಗೆ ಹಗಲಲ್ಲೇ ಒಂದು ತಾಲೀಮು ಮಾಡಿಸಿ. ಸಂಜೆ ನಾಲ್ಕಕ್ಕೆ ಇಟ್ಟು, ಏನಾಗುತ್ತದೆಂದು ಕೂತು ನೋಡಿ. ಅಂಕಿಯ ಪಕ್ಕದ ಸಾಸಿವೆಯಷ್ಟು ಚುಕ್ಕೆ ಬೆಳಿಗ್ಗೆಯದೋ ಸಂಜೆಯದೋ ಎಂಬುದು ಆಗ ತಿಳಿಯುತ್ತದೆ. ಅನೇಕ ಸೆಟ್ಟುಗಳಲ್ಲಿ ರಾತ್ರಿ ಬಿಟ್ಟ ವಾಲ್ಯೂಮಿನಲ್ಲೇ ಬೆಳಗಿನ ಅಲಾರಂ ಶುರುವಾಗುತ್ತದೆ. ಮಲಗುವಾಗ ಪಿಸುದನಿಗೆ ತಗ್ಗಿಸಿದ್ದರೆ ಅಲಾರಮ್ಮೂ ಪಿಸುಗುಟ್ಟುತ್ತದೆ. ಸಿ.ಡಿ.ಯಿಂದ ಎಬ್ಬಿಸಿಕೊಳ್ಳುವವರು ಡಿಸ್ಕ್ ಒಳಗಿದೆಯೇ ಎಂದು ನೋಡಿ ಮಲಗಬೇಕು. ಬೆಳಗಿನ ಪ್ರಸಾರ ಶುರುವಾಗುವ ಮುಂಚಿನ ಹೊತ್ತಿಗೆ ಆಕಾಶವಾಣಿಯನ್ನು ಅಲಾರಂ ಮಾಡಿದರೆ ಕೇಳಿಸುವುದು ಬರೀ ಸುಯ್ ಎಂಬ ಸದ್ದು. ಅಂಥವರು ಬಜರ್ ಇಟ್ಟುಕೊಳ್ಳುವುದೇ ಮೇಲು.

ದೊಡ್ಡಮ್ಮ ಸ್ನೂಜ್ ಗುಂಡಿಯ ಮೇಲೆ ಬೆರಳಿಗೆ ಗೊತ್ತಾಗಲೆಂದು ಗುಂಡನೆಯ ಸ್ಟಿಕ್ಕರ್ ಬಿಂದಿ ಅಂಟಿಸಿದ್ದಾರೆ. ಕತ್ತಲಲ್ಲಿ ಕೈ ನೇರ ಅಲ್ಲಿಗೇ ಹೋಗುತ್ತದೆ. ಬಿಂದಿ ಸವೆದರೆ ಹಣೆಯದನ್ನು ತೆಗೆಯುವಾಗ ಅಲ್ಲಿಯದನ್ನೂ ಬದಲಿಸುತ್ತಾರೆ.