ಹಳ್ಳದ ಬದಿಯ ಡ್ಯಾಮ್ಸೆಲ್‌ಫ್ಲೈ: ಬಣ್ಣ ಆಮೇಲೆ, ಮೊದಲು ಬಾಲದ ತುದಿ

ಮಲೆನಾಡಿನ ಹೊಳೆ, ಹಳ್ಳಗಳಲ್ಲಿ ತೆಗೆದ ಡ್ಯಾಮ್ಸೆಲ್‌ಫ್ಲೈಯ (ಏರೋಪ್ಲೇನ್ ಚಿಟ್ಟೆಯ ಹತ್ತಿರದ ಸಂಬಂಧಿಯಾದ ತೆಳು ಮೈಯ ಕೀಟ) ಚಿತ್ರ ತೋರಿಸಿ ‘ಇದರ ಹೆಸರೇನು?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅದು ಸಂತೋಷವೇ. ಆದರೆ ಹೆಚ್ಚಿನ ಚಿತ್ರಗಳಲ್ಲಿ ಬಣ್ಣ ಹೊಳೆಯುತ್ತಿರುತ್ತದೆ, ಬಾಲದ ತುದಿ ಮಸುಕಾಗಿರುತ್ತದೆ. ಬೇಕಾದದ್ದು ಆ ತುದಿಯೇ.

ಮಳೆ ಇಳಿದು ನೀರು ತಿಳಿಯಾದ ಮೇಲೆ, ಬಿಸಿಲು ಹಳ್ಳಕ್ಕೆ ಬೀಳುವ ಹೊತ್ತಿಗೆ ಹೋಗಿ. ಏರೋಪ್ಲೇನ್ ಚಿಟ್ಟೆಯಿಂದ ಇದನ್ನು ಬೇರೆ ಮಾಡುವುದು ಸುಲಭ: ಡ್ಯಾಮ್ಸೆಲ್‌ಫ್ಲೈಯ ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನ ಅಗಲಕ್ಕಿಂತ ಹೆಚ್ಚು ಜಾಗವಿರುತ್ತದೆ.

ನಂತರ ಅದು ಕುಳಿತ ಜಾಗ ನೋಡಿ. ಹೊಳೆ ನಡುವಿನ ಬಂಡೆ, ಕಡ್ಡಿಗಳ ಮೇಲೆ ರೆಕ್ಕೆಗಿಂತ ಗಿಡ್ಡವಾದ ಬಾಲ ಕಂಡರೆ ರಿವರ್ ಹೀಲಿಯೊಡೋರ್ ಅಥವಾ ಸ್ಟ್ರೀಮ್ ರೂಬಿ ಎಂಬ ಜಾತಿಗಳನ್ನು ನೆನೆಯಿರಿ. ನೆರಳಿನ ಪೊದೆಯಲ್ಲಿ ಲೋಹದ ಹಸಿರು ಮೈ ಉದ್ದವಾಗಿ ಕಂಡರೆ ಫಾರೆಸ್ಟ್ ಗ್ಲೋರಿ ಗುಂಪಿನದು.

ಎಡವುವುದು ಇಲ್ಲಿಂದ ಮುಂದೆ. ಸ್ಟ್ರೀಮ್ ಗ್ಲೋರಿ ಗಂಡಿನ ಹಿಂರೆಕ್ಕೆಯ ಮೇಲ್ಮೈ ಹಸಿರಾಗಿ ಮಿಂಚುತ್ತದೆ, ಆದರೆ ರೆಕ್ಕೆ ಮಡಚಿದರೆ ಕಾಣುವುದು ತಾಮ್ರಗಂದು ಬಣ್ಣದ ಅಡಿಭಾಗ. ಒಂದೇ ಕೀಟವನ್ನು ಎರಡೆಂದು ಬರೆದುಕೊಂಡವರನ್ನು ನಾನು ಕಂಡಿದ್ದೇನೆ. ಯೆಲ್ಲೋ ಬುಷ್ ಡಾರ್ಟ್ ಎಂಬ ಜಾತಿ ಮರಿಯ ಪೊರೆ ಬಿಟ್ಟು ಹೊಸದಾಗಿ ಹೊರಬಂದಾಗ ಸುಣ್ಣದಂತೆ ಬೆಳ್ಳಗಿರುತ್ತದೆ. ಫಾರೆಸ್ಟ್ ಗ್ಲೋರಿಗಳಲ್ಲಿ ರೆಕ್ಕೆಯ ತುದಿ ಕಪ್ಪಾಗಿರುವ ಜಾತಿಯನ್ನು ಗುರುತಿಸಬಹುದು. ರೆಕ್ಕೆ ಪೂರ್ತಿ ತಿಳಿಯಾಗಿದ್ದರೆ ಬಣ್ಣ ನೋಡಿ ನಿರ್ಧರಿಸಬೇಡಿ.

ಆಗ ಗಂಡಿನ ಬಾಲದ ತುದಿಯ ಕೊಕ್ಕೆಗಳೇ ಗತಿ. ಮೇಲೆ ಎರಡು, ಕೆಳಗೆ ಎರಡು. ಗಂಡು ಇವುಗಳಿಂದಲೇ ಹೆಣ್ಣಿನ ಕತ್ತಿನ ಹಿಂಭಾಗವನ್ನು ಹಿಡಿಯುತ್ತದೆ. ಬೀಗಕ್ಕೆ ಕೀಲಿಯಂತೆ ಜಾತಿಜಾತಿಗೂ ಇವುಗಳ ಆಕಾರ ಬೇರೆ. ಕ್ಯಾಮೆರಾವನ್ನು ಕೀಟದ ಮೈಗೆ ಸಮಾನಾಂತರವಾಗಿ ಹಿಡಿದು, ಫೋಕಸ್ ಅನ್ನು ಕಣ್ಣಿನ ಮೇಲಲ್ಲ, ತುದಿಯ ಮೇಲೆ ಇಡಿ. ಪಕ್ಕದಿಂದ ಒಂದು, ಮೇಲಿನಿಂದ ಒಂದು ಚಿತ್ರ ಇರಲೇಬೇಕು. ನಿಮ್ಮ ನೆರಳು ಅದರ ಮೇಲೆ ಬೀಳದಂತೆ ಬಗ್ಗಿ ನಡೆಯಿರಿ. ಹಾರಿತೆಂದು ಬೆನ್ನಟ್ಟಬೇಡಿ, ನಿಂತಲ್ಲೇ ನಿಲ್ಲಿ. ಜಾಗ ಹಿಡಿದ ಗಂಡು ಸಾಮಾನ್ಯವಾಗಿ ಅದೇ ಕಡ್ಡಿಗೆ ಮರಳುತ್ತದೆ.

ಮೊಬೈಲಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೋ ಲೆನ್ಸ್ ಕೊಳ್ಳಬೇಡಿ. ಅದಕ್ಕೆ ಕೀಟದ ಮೂತಿಗೇ ಹೋಗಬೇಕು, ಅಷ್ಟರಲ್ಲಿ ಕೀಟ ಇರುವುದಿಲ್ಲ. ಎರಡು ಮೀಟರ್ ದೂರದಲ್ಲೂ ಫೋಕಸ್ ಆಗುವ ಬೈನಾಕ್ಯುಲರ್ ಇದ್ದರೆ ಅದೇ ಮೇಲು. ಚಿತ್ರ ನೋಡಿ ಹೆಸರು ಹೇಳುವ ಆ್ಯಪ್‌ಗಳು ಕುಲದ (ಹತ್ತಿರದ ಜಾತಿಗಳ ಗುಂಪಿನ) ತನಕ ನೆರವಾಗಬಹುದು. ತುದಿಯೇ ಕಾಣದ ಚಿತ್ರಕ್ಕೆ ಅವು ಕೊಡುವ ಜಾತಿಯ ಹೆಸರನ್ನು ನಂಬಬೇಡಿ. ಕೈಯಲ್ಲಿ ಹಿಡಿಯುವುದಂತೂ ಬೇಡವೇ ಬೇಡ: ರೆಕ್ಕೆ ಮುರಿಯುತ್ತದೆ, ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಿಡಿಯುವಂತೆಯೂ ಇಲ್ಲ.

ಹೆಣ್ಣು ಮಾತ್ರ ಸಿಕ್ಕರೆ ಜೋಡಿಯಾಗುವವರೆಗೆ ಕಾಯಿರಿ. ಹಿಡಿದ ಗಂಡು ಯಾವುದೆಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಜೋಡಿ ಸಿಗದಿದ್ದರೆ ‘ಫಾರೆಸ್ಟ್ ಗ್ಲೋರಿ, ಹೆಣ್ಣು’ ಎಂದಷ್ಟೇ ಬರೆದು, ಹಳ್ಳದ ಹೆಸರು, ದಿನಾಂಕ ಸೇರಿಸಿ ಇಟ್ಟುಕೊಳ್ಳಿ.